ದ್ವೀಪದ ಲವಂಗವೂ ನಮ್ಮ ಅಂಗಳದ ಮೆಣಸೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕನ್ನಡದ ಉತ್ಸವದ ವೇದಿಕೆಯಲ್ಲಿ ಲವಂಗದ ವ್ಯಾಪಾರದ ಮಾತೇಕೆ ಎಂದು ತಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಕಾರಣವನ್ನು ಮೊದಲೇ ಅರಿಕೆ ಮಾಡುತ್ತೇವೆ. ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ನಾಲ್ಕೈದು ಮಂದಿ ತರುಣರು ಒಂದು ಸಂಜೆ ನಮ್ಮ ಜಗಲಿಗೆ ಬಂದು ಕುಳಿತರು. ದೂರದ ದ್ವೀಪಗಳ ಬೆಳೆಗಾರರಿಂದ ಸಾಂಬಾರ ಪದಾರ್ಥಗಳನ್ನು ನೇರವಾಗಿ ಕೊಂಡು ತಂದು, ಹಸನುಗೊಳಿಸಿ, ಸಣ್ಣ ಪೊಟ್ಟಣಗಳಲ್ಲಿ ಮಾರುವ ಒಂದು ಚಿಕ್ಕ ಉದ್ಯಮವನ್ನು ಇದೇ ಊರಿನಲ್ಲಿ ಆರಂಭಿಸಬೇಕೆಂಬುದು ಅವರ ಆಸೆ. ದಲ್ಲಾಳಿಗಳ ಕೈಸೇರುವ ಹಣವನ್ನು ಬೆಳೆಗಾರನಿಗೂ ಗಿರಾಕಿಗೂ ಹಂಚಿಕೊಟ್ಟು ತಾವೂ ಬದುಕಬಹುದೆಂಬುದು ಅವರ ಲೆಕ್ಕ. ಅಂದು ನಾವು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಅದನ್ನು ಪೂರ್ತಿಗೊಳಿಸುವ ಅವಕಾಶವನ್ನು ಸಂಘವು ಇಂದು ಕಲ್ಪಿಸಿದೆ.

ಈ ಪ್ರಶ್ನೆ ಆ ತರುಣರದ್ದು ಮಾತ್ರವಲ್ಲ. ನಮ್ಮ ಶಾಲೆಗಳಲ್ಲಿ ಕನ್ನಡದ ತರಗತಿ ಉಳಿಯಬೇಕಾದರೆ ತರಗತಿಗೆ ಮಕ್ಕಳು ಬೇಕು. ಮಕ್ಕಳಿರಬೇಕಾದರೆ ತಂದೆತಾಯಿಗಳು ಊರಿನಲ್ಲಿ ನಿಲ್ಲಬೇಕು. ಅವರು ನಿಲ್ಲಬೇಕಾದರೆ ಇಲ್ಲಿ ಅನ್ನ ಹುಟ್ಟಬೇಕು. ಭಾಷಾಭಿಮಾನವನ್ನು ಬೆಂಗಳೂರಿನಲ್ಲಿಯೂ ದುಬಾಯಿಯಲ್ಲಿಯೂ ಇರಿಸಿಕೊಳ್ಳಬಹುದು. ಕಾಸರಗೋಡಿನ ಕನ್ನಡ ಶಾಲೆಯ ಹಾಜರಿಪಟ್ಟಿಯನ್ನು ಅಲ್ಲಿಂದ ತುಂಬಲಾಗದು. ಆದಕಾರಣ ಊರಿನಲ್ಲಿ ನಿಂತು ಏನಾದರೂ ಮಾಡುತ್ತೇವೆಂದು ತರುಣರು ಹೇಳಿದಾಗ ಹಿರಿಯರಾದವರು ತಲೆದೂಗಿ ಕಳುಹಿಸಿದರೆ ಸಾಲದು, ಜೊತೆಗೆ ಕುಳಿತು ಲೆಕ್ಕ ಹಾಕಬೇಕು.

ದ್ವೀಪವೆಂಬುದು ನಮಗೆ ಬರಿಯ ಭೂಪಟದ ಚುಕ್ಕೆಯಲ್ಲ. 1956ರ ನವೆಂಬರ್ 1ರ ತನಕ ಕಾಸರಗೋಡು ತಾಲ್ಲೂಕು ಯಾವ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತೋ, ಅದೇ ಜಿಲ್ಲೆಗೆ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರ ಎಂಬ ಅರಬಿ ಸಮುದ್ರದ ದ್ವೀಪಗಳೂ ಸೇರಿದ್ದವು. ಒಂದೇ ದಿನ ನಾವು ಕೇರಳ ರಾಜ್ಯಕ್ಕೆ ಸೇರಿದೆವು, ಅವರು ಕೇಂದ್ರಾಡಳಿತಕ್ಕೆ ಸೇರಿದರು. ಆ ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಹಾಯಿಯ ಓಡಗಳಲ್ಲಿ ಹೇರಿಕೊಂಡು ಮಂಗಳೂರು ಬಂದರಿಗೆ ತರುತ್ತಿದ್ದರು. ಬ್ರಿಟಿಷರ ಆಳಿಕೆಯಲ್ಲಿ ಆ ಹುರಿಯನ್ನು ಕೊಳ್ಳುವ ಹಕ್ಕು ಸರ್ಕಾರದ್ದಾಗಿತ್ತು. ಬೆಲೆಯೂ ಸರ್ಕಾರವೇ ಗೊತ್ತುಮಾಡಿದ್ದು. ಪ್ರತಿಫಲದಲ್ಲಿ ಒಂದು ಪಾಲು ಅಕ್ಕಿಯಾಗಿ ಸಲ್ಲುತ್ತಿತ್ತು. ಹುರಿಗೆ ಬೆಲೆ ಸಾಲದೆಂದು ತೋರಿದರೂ ಓಡವನ್ನು ತಿರುಗಿಸಿ ಬರಿಗೈಯಲ್ಲಿ ಮರಳುವಂತಿರಲಿಲ್ಲ; ಮನೆಯಲ್ಲಿ ಅಕ್ಕಿಗಾಗಿ ಕಾದಿರುವ ಮಕ್ಕಳು, ಬೆನ್ನ ಹಿಂದೆ ಸಮುದ್ರ. ದ್ವೀಪದ ಬೆಳೆಗಾರನ ಸಂಕಟವೆಲ್ಲ ಇಷ್ಟರಲ್ಲಿಯೇ ಅಡಗಿದೆ: ಮಾರದೆ ಮರಳಲು ಅವನಿಗೆ ಸಾಧ್ಯವಿಲ್ಲ, ಮತ್ತು ಕೊಳ್ಳುವವನಿಗೆ ಅದು ತಿಳಿದಿದೆ.

ನೆಲದ ಮೇಲಿದ್ದ ನಾವೂ ಬಹುಕಾಲ ಹೀಗೆಯೇ ಇದ್ದೆವು. ನಮ್ಮ ಮನೆಯ ಒಳ್ಳೆಮೆಣಸು ಅಂಗಳದಲ್ಲಿ ಒಣಗುವ ಮುಂಚೆಯೇ ಮಾರಿಹೋಗಿರುತ್ತಿತ್ತು. ಹಬ್ಬಕ್ಕೆಂದೋ ಮದುವೆಗೆಂದೋ ಮಂಡಿಯಿಂದ ಮುಂಗಡ ತಂದಿರುತ್ತಿದ್ದೆವು. ಬಳ್ಳಿಯಲ್ಲಿ ಗೊನೆ ಹಸಿರಾಗಿರುವಾಗಲೇ ಅದರ ಒಡೆತನ ಪರರದಾಗಿರುತ್ತಿತ್ತು. ಗೋಣಿ ಬಿಚ್ಚಿದಾಗ ತೇವವೆಂದು ಒಂದು ಕಡಿತ, ಧೂಳೆಂದು ಇನ್ನೊಂದು ಕಡಿತ, ಗೋಣಿಯ ತೂಕವೆಂದು ಮತ್ತೊಂದು. ಮನೆಯಲ್ಲಿ ತೂಗಿದ ತೂಕಕ್ಕೂ ಮಂಡಿಯ ತೂಕಕ್ಕೂ ಎಂದೂ ತಾಳೆಯಾಗಲಿಲ್ಲ. ಈ ದೂರು ತಮ್ಮಲ್ಲಿ ಹಲವರ ಮನೆಯದೂ ಆಗಿರುವುದರಿಂದ ಬೆಳೆಸುವುದಿಲ್ಲ. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು. ಒಂದು ವರ್ಷ ಆಷಾಢದ ನಡುರಾತ್ರಿಯಲ್ಲಿ ಮನೆಯ ಹಿರಿಯರಿಗೆ ಕಾಯಿಲೆ ಉಲ್ಬಣಿಸಿ ಮಂಗಳೂರಿಗೆ ಒಯ್ಯಬೇಕಾದಾಗ, ಬಾಗಿಲು ತೆರೆದು ಹಣ ಎಣಿಸಿ ಕೊಟ್ಟವನು ಅದೇ ಮಂಡಿಯವನು. ಕಾಗದ ಕೇಳಲಿಲ್ಲ, ಜಾಮೀನು ಕೇಳಲಿಲ್ಲ. ತೂಕದಲ್ಲಿ ಕಡಿದವನೂ ಅವನೇ, ಜೀವ ಉಳಿಸಿದವನೂ ಅವನೇ. ಈ ಎರಡನ್ನೂ ಒಟ್ಟಿಗೆ ನೆನಪಿನಲ್ಲಿಟ್ಟುಕೊಳ್ಳದವನು ನೇರ ವ್ಯಾಪಾರದ ಮಾತನ್ನಾಡಬಾರದೆಂಬುದು ನಮ್ಮ ಅಭಿಪ್ರಾಯ.

ಎಪ್ಪತ್ತರ ದಶಕದ ಆದಿಯಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ದಿಕ್ಕುಗಾಣದಾದಾಗ, ಕರ್ನಾಟಕ ಕೇರಳಗಳೆರಡರ ಬೆಳೆಗಾರರನ್ನು ಒಳಗೊಂಡು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆ ಹುಟ್ಟಿತು. ಅದರ ಸ್ಥಾಪಕಾಧ್ಯಕ್ಷರಾದ ವಾರಣಾಶಿ ಸುಬ್ರಾಯ ಭಟ್ಟರು ಕೇವಲ ಮಂಡಿಯನ್ನು ದೂಷಿಸುತ್ತ ಕೂರಲಿಲ್ಲ. ಕೊಳ್ಳುವ ಕೇಂದ್ರ, ಉಗ್ರಾಣ, ನ್ಯಾಯವಾದ ತೂಕ, ಹೊತ್ತಿಗೆ ಸರಿಯಾದ ಹಣ, ದೂರದ ಮಾರುಕಟ್ಟೆ ಎಂಬ ಹೊರೆಗಳನ್ನು ಸಂಸ್ಥೆಯ ಹೆಗಲಿಗೇರಿಸಿದರು. ರಾಜ್ಯದ ಗಡಿ ಬೆಳೆಗಾರರನ್ನು ಬೇರ್ಪಡಿಸಲಾಗದೆಂಬುದನ್ನೂ ಅದು ತೋರಿಸಿಕೊಟ್ಟಿತು.

ಇನ್ನು ನಮ್ಮ ತರುಣರು ಹೆಸರಿಸಿದ ದ್ವೀಪಕ್ಕೆ ಬರೋಣ. ಅದು ಪೆಂಬಾ. ಆಫ್ರಿಕದ ಪೂರ್ವ ತೀರದಾಚೆ, ಇಂದಿನ ಟಾಂಜಾನಿಯ ದೇಶಕ್ಕೆ ಸೇರಿದ ಜಂಜಿಬಾರಿನ ಎರಡು ದೊಡ್ಡ ದ್ವೀಪಗಳಲ್ಲಿ ಒಂದು. ಇನ್ನೊಂದರ ಹೆಸರು ಉಂಗುಜಾ. ಅರಬರು ಪೆಂಬಾವನ್ನು ಹಸಿರು ದ್ವೀಪವೆಂದು ಕರೆದರು. ದಿನ್ನೆ ಕಣಿವೆಗಳ ಆ ನೆಲವನ್ನು ಕಂಡರೆ ನಮ್ಮವರಿಗೆ ತಮ್ಮ ಗುಡ್ಡದ ತೋಟಗಳೇ ನೆನಪಾಗುವಂತಿದೆ.

ಲವಂಗ ಅಲ್ಲಿಯ ಮೂಲ ಬೆಳೆಯಲ್ಲ. ಅದರ ತವರು ಇಂಡೊನೇಷ್ಯದ ಮಲುಕ್ಕು ಸೀಮೆಯ ಟೆರ್ನಾಟೆ, ಟಿಡೋರೆ ಮೊದಲಾದ ಪುಟ್ಟ ದ್ವೀಪಗಳು. ಆ ವ್ಯಾಪಾರವನ್ನು ಒಂದೇ ಮುಷ್ಟಿಯಲ್ಲಿ ಹಿಡಿಯಲೆಂದು ಡಚ್ಚರು ಹದಿನೇಳನೆಯ ಶತಮಾನದಲ್ಲಿ ತಮ್ಮ ಹತೋಟಿಯ ಹೊರಗಿನ ಲವಂಗದ ಮರಗಳನ್ನು ಕಡಿಸಿಹಾಕಿದರು. 1770ರಲ್ಲಿ ಫ್ರೆಂಚರಾದ ಪಿಯೆರ್ ಪೊಯ್ವ್ರ್ ಎಂಬವರ ಪ್ರಯತ್ನದಿಂದ ಸಸಿಗಳು ಗುಟ್ಟಾಗಿ ಮಾರಿಷಸ್ ಸೇರಿದವು. ಅತ್ತಣಿಂದ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಜಂಜಿಬಾರಿಗೆ ಬಂದವು. ಒಮಾನಿನ ಸುಲ್ತಾನ ಸಯ್ಯಿದ್ ಸಯೀದನ ಕಾಲದಲ್ಲಿ ತೋಟಗಳು ಹಬ್ಬಿದವು. ಅವುಗಳಲ್ಲಿ ದುಡಿದವರು ಆಫ್ರಿಕದ ಒಳನಾಡಿನಿಂದ ಹಿಡಿದು ತಂದ ಗುಲಾಮರು. 1872ರ ಚಂಡಮಾರುತ ಉಂಗುಜಾದ ಮರಗಳನ್ನು ಬಹುವಾಗಿ ನೆಲಕ್ಕುರುಳಿಸಿತು. ಪೆಂಬಾ ಹೆಚ್ಚಾಗಿ ಪಾರಾಯಿತು. ಅಂದಿನಿಂದ ಜಂಜಿಬಾರಿನ ಲವಂಗವೆಂದರೆ ಬಹುಪಾಲು ಪೆಂಬಾದ ಲವಂಗವೇ.

ಲವಂಗವು ಅರಳದ ಮೊಗ್ಗೆಂಬುದು ನಮ್ಮ ಮಕ್ಕಳಿಗೂ ತಿಳಿದಿದೆ. ಹಸಿರು ಮೊಗ್ಗು ಕೆಂಪಡರುವ ಹೊತ್ತಿಗೆ, ಆದರೆ ಹೂವಾಗುವ ಮುಂಚೆ, ಕೈಯಿಂದಲೇ ಬಿಡಿಸಬೇಕು. ಒಂದೇ ಮರದ ಮೊಗ್ಗುಗಳು ಒಂದೇ ದಿನ ಹದಕ್ಕೆ ಬರುವುದಿಲ್ಲವಾದ್ದರಿಂದ ಅದೇ ಮರವನ್ನು ಮತ್ತೆ ಮತ್ತೆ ಹತ್ತಬೇಕು. ಎತ್ತರದ ಮರ, ಮುರಿಯುವ ಕೊಂಬೆ. ನಮ್ಮ ಅಡಿಕೆಯ ಮರ ಹತ್ತುವವರಿಗೆ ಅದರ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಳಿಸಿದ ಗೊಂಚಲಿನಿಂದ ತೊಟ್ಟನ್ನು ಬೇರ್ಪಡಿಸಿ ಚಾಪೆಯ ಮೇಲೆ ನಾಲ್ಕೈದು ದಿನ ಬಿಸಿಲಿಗೆ ಹರಡಬೇಕು. ಮೂರು ಕಿಲೋ ಹಸಿ ಮೊಗ್ಗು ಒಣಗಿ ಸುಮಾರು ಒಂದು ಕಿಲೋ ಲವಂಗವಾಗುತ್ತದೆ. ನಡುವೆ ಮಳೆ ಬಂದರೆ ಅಥವಾ ಹಸಿಯಾಗಿ ರಾಶಿ ಹಾಕಿದರೆ ಮೊಗ್ಗು ಹುದುಗಿ, ಸುಕ್ಕುಗಟ್ಟಿ, ಬಿಳಚಿಕೊಂಡು ದರ್ಜೆ ಕಳೆದುಕೊಳ್ಳುತ್ತದೆ. ಸರಿಯಾಗಿ ಒಣಗಿದ್ದು ಬಾಗಿಸಿದರೆ ಪಟ್ಟೆಂದು ಮುರಿಯುತ್ತದೆ, ಒಣಗದ್ದು ಬಾಗುತ್ತದೆ. ಒಂದು ವರ್ಷ ಮರ ತುಂಬ ಬಿಟ್ಟರೆ ಮುಂದಿನ ವರ್ಷ ಕೈಕೊಡುವುದು ಈ ಬೆಳೆಯ ಸ್ವಭಾವ.

ಈಗ ಬೆಳೆಗಾರನ ಕೈಚೀಲವನ್ನು ನೋಡೋಣ. ಕೊಯ್ಲಿಗೆ ಮುಂಚೆ ಮರದ ಬುಡ ಸವರಿಸಬೇಕು. ಕೊಯ್ಯುವವರಿಗೆ ದಿನದಿನದ ಕೂಲಿ ಕೊಡಬೇಕು. ಹಣ ಬರುವುದು ಒಣಗಿದ ಮೇಲೆ. ಖರ್ಚಾಗುವುದು ಹತ್ತುವ ಮುಂಚೆ. ಈ ನಡುವಿನ ಕಾಲವೇ ಸಾಲಗಾರನ ಬಾಗಿಲು. ಇಪ್ಪತ್ತನೆಯ ಶತಮಾನದ ಆದಿಯ ಹೊತ್ತಿಗೆ ಜಂಜಿಬಾರಿನ ತೋಟಗಾರರು ಭಾರತೀಯ ವ್ಯಾಪಾರಿಗಳಿಗೆ ಆಳವಾಗಿ ಸಾಲಗಾರರಾಗಿದ್ದರು. ಆ ವ್ಯಾಪಾರಿಗಳಿಲ್ಲದಿದ್ದರೆ ಪೆಂಬಾದ ಲವಂಗ ಮುಂಬಯಿಯನ್ನು ಮುಟ್ಟುತ್ತಿರಲಿಲ್ಲ. ಅವರಿದ್ದುದರಿಂದಲೇ ತೋಟಗಳು ಅಡವಿನಲ್ಲಿದ್ದವು. ನಮ್ಮ ಮಂಡಿಯವನ ಎರಡು ಮುಖಗಳೇ ಅಲ್ಲಿಯೂ ಕಾಣುತ್ತವೆ.

ಅದಕ್ಕೆ ಅಲ್ಲಿಯ ಬ್ರಿಟಿಷ್ ಆಡಳಿತ 1934ರಲ್ಲಿ ಕಾಯಿದೆಗಳ ಮೂಲಕ ಮದ್ದು ಹುಡುಕಿತು. ಲವಂಗ ಬೆಳೆಗಾರರ ಸಂಘವೆಂಬ ಹೆಸರಿನ ಸಂಸ್ಥೆಗೆ ವಿಶೇಷಾಧಿಕಾರ ಕೊಟ್ಟಿತು. ಭಾರತ ಸರ್ಕಾರ ವಿಚಾರಣೆಗಾಗಿ ಕೆ. ಪಿ. ಎಸ್. ಮೆನನ್ನರನ್ನು ಕಳುಹಿಸಿತು. 1937ರಲ್ಲಿ ಕೊಳ್ಳುವ ಅಧಿಕಾರವೆಲ್ಲ ಆ ಸಂಸ್ಥೆಯ ಕೈಗೆ ಹೋದಾಗ ಭಾರತೀಯ ವ್ಯಾಪಾರಿಗಳು ಪ್ರತಿಭಟಿಸಿದರು. ಕಾಂಗ್ರೆಸ್ಸಿನ ಬೆಂಬಲದಿಂದ ನಮ್ಮ ದೇಶದಲ್ಲಿ ಜಂಜಿಬಾರ್ ಲವಂಗಕ್ಕೆ ಬಹಿಷ್ಕಾರ ನಡೆಯಿತು. 1938ರಲ್ಲಿ ಒಪ್ಪಂದವಾಯಿತು. ವ್ಯಾಪಾರಿಗೆ ಪಾಲು ಸಿಕ್ಕಿತು, ಸಂಸ್ಥೆಗೆ ಮಾನ ಉಳಿಯಿತು. ಮರ ಹತ್ತುವವನನ್ನು ಆ ಮಾತುಕತೆಯ ಮೇಜಿಗೆ ಯಾರೂ ಕರೆದಿರಲಿಲ್ಲ.

1964ರ ಕ್ರಾಂತಿಯ ಅನಂತರ ಸರ್ಕಾರವೇ ಏಕಮಾತ್ರ ವ್ಯಾಪಾರಿಯಾಯಿತು. ದಶಕಗಳ ಕಾಲ ಬೆಳೆಗಾರನು ತನ್ನ ಲವಂಗವನ್ನು ಸರ್ಕಾರಿ ವ್ಯಾಪಾರ ಸಂಸ್ಥೆಗಲ್ಲದೆ ಬೇರೆ ಯಾರಿಗೂ ಮಾರುವಂತಿರಲಿಲ್ಲ. ಅದು ಕೊಡುವ ಬೆಲೆ ಹೊರಗಿನ ಬೆಲೆಗಿಂತ ತೀರ ಕೆಳಗಿಳಿದಾಗಲೆಲ್ಲ ಇರುಳಿನಲ್ಲಿ ದೋಣಿಗಳು ಕೆನ್ಯಾದ ತೀರದತ್ತ ಸಾಗಿದವು. 2011ರಲ್ಲಿ ಬೆಲೆಯನ್ನು ಗಣನೀಯವಾಗಿ ಏರಿಸಿದಾಗ ಕಳ್ಳಸಾಗಣೆ ಕುಗ್ಗಿತು. ಕಾವಲಿನವರಿಂದ ಆಗದ ಕೆಲಸವನ್ನು ನ್ಯಾಯವಾದ ಬೆಲೆ ಮಾಡಿತು.

ಆದುದರಿಂದ ತರುಣರಿಗೆ ನಮ್ಮ ಮೊದಲ ಮಾತು ಇದು: ನೇರವಾಗಿ ಬೆಳೆಗಾರನ ಬಾಗಿಲಿಗೆ ಹೋಗುವುದೆಂದರೆ ಆ ದೇಶದ ಕಾನೂನನ್ನು ಹಿತ್ತಲಿನಿಂದ ದಾಟುವುದಲ್ಲ. ಯಾವ ಪದಾರ್ಥವನ್ನು ಯಾರಿಂದ ಕೊಳ್ಳಬಹುದು, ಯಾರ ಮೂಲಕ ಹೊರಗೆ ಸಾಗಿಸಬಹುದು ಎಂಬುದನ್ನು ಆಯಾ ವರ್ಷ ವಿಚಾರಿಸಿಯೇ ಹೆಜ್ಜೆಯಿಡಬೇಕು. ಲವಂಗಕ್ಕೆ ಒಂದು ಕಟ್ಟಳೆಯಿದ್ದರೆ ಅದೇ ದ್ವೀಪದ ಮೆಣಸಿಗೂ ದಾಲ್ಚಿನ್ನಿಗೂ ಬೇರೆ ಕಟ್ಟಳೆಯಿರಬಹುದು. 2016ರಲ್ಲಿ ನ್ಯೂಯಾರ್ಕಿನಲ್ಲಿ ಇಬ್ಬರು ಗೆಳೆಯರು ಆರಂಭಿಸಿದ ಬರ್ಲ್ಯಾಪ್ ಅಂಡ್ ಬ್ಯಾರೆಲ್ ಎಂಬ ಸಣ್ಣ ಸಂಸ್ಥೆ ಜಂಜಿಬಾರಿನ ಬೆಳೆಗಾರರ ಮೆಣಸನ್ನು ಊರಿನ ಹೆಸರಿನೊಡನೆ ಅಮೆರಿಕದ ಅಡುಗೆಮನೆಗಳಿಗೆ ತಲುಪಿಸಿತು. ಆದ್ದರಿಂದ ಇದು ಆಗದ ಮಾತಲ್ಲ.

ಎರಡನೆಯ ಮಾತು ಹೆಚ್ಚು ಮುಖ್ಯವಾದದ್ದು. ದಲ್ಲಾಳಿಯನ್ನು ದಾರಿಯಿಂದ ಸರಿಸುವುದು ಸುಲಭ. ಅವನು ಹೊತ್ತಿದ್ದ ಮೂಟೆ ಅಲ್ಲಿಯೇ ಬಿದ್ದಿರುತ್ತದೆ. ಅದನ್ನು ಯಾರಾದರೂ ಹೊರಲೇಬೇಕು. ನೀವು ಹೊರದಿದ್ದರೆ ಅದು ಬೆಳೆಗಾರನ ತಲೆಯ ಮೇಲೆಯೇ ಬೀಳುತ್ತದೆ. ಆ ಮೂಟೆಯಲ್ಲಿ ಏನೇನಿದೆ ಎಂಬುದನ್ನು ಬಿಚ್ಚಿ ನೋಡೋಣ.

ಮೊದಲನೆಯದು ಮುಂಗಡ. ಕೊಯ್ಲಿನ ಕೂಲಿಗೆ ಹಣ ಬೇಕಾದಾಗ ನೀವು ಕೊಡದಿದ್ದರೆ ಅವನು ಹಳೆಯ ಸಾಲಗಾರನ ಬಳಿಗೇ ಹೋಗುತ್ತಾನೆ; ಆ ವರ್ಷದ ಬೆಳೆಯೂ ಅತ್ತಲೇ ಹೋಗುತ್ತದೆ. ಕೊಡುವುದಾದರೆ ಅಂದಿನ ಅಗ್ಗದ ಬೆಲೆಗೆ ಬೆಳೆಯನ್ನು ಕಟ್ಟಿಹಾಕದೆ ಕೊಡಬೇಕು. ಬೆಲೆ ಒಣಗಿದ ದಿನದ್ದಾಗಬೇಕು. ಇಲ್ಲವಾದರೆ ನೀವು ಹೊಸ ಹೆಸರಿನ ಹಳೆಯ ಮಂಡಿ.

ಎರಡನೆಯದು ಒಣಗಿಸುವಿಕೆಯ ನಷ್ಟ. ಮಳೆಗೆ ಸಿಕ್ಕಿದ ಲವಂಗವನ್ನು ತಿರಸ್ಕರಿಸುವುದು ಸುಲಭ. ಅದರ ಬದಲು ಟಾರ್ಪಾಲು, ಎತ್ತರಿಸಿದ ಮಂಚಿಕೆ, ತೇವ ಅಳೆಯುವ ಉಪಕರಣ ಇವುಗಳಿಗೆ ನಿಮ್ಮ ಕೈಯಿಂದ ಹಣ ಹಾಕಿದರೆ ಇಬ್ಬರಿಗೂ ಉಳಿತಾಯ. ತೂಗುವ ಕಾಟಾ ಬೆಳೆಗಾರನ ಅಂಗಳದಲ್ಲಿ, ಅವನ ಕಣ್ಣೆದುರಿಗೆ ಇರಬೇಕು. ಕಡಿತವಿದ್ದರೆ ಅದಕ್ಕೆ ಕಾರಣವನ್ನು ಅವನ ಭಾಷೆಯಲ್ಲಿ ಬರೆದುಕೊಡಬೇಕು. ಭಾಷೆಯ ಬೆಲೆ ಗಡಿಯಲ್ಲಿರುವ ನಮಗೆ ತಿಳಿಯದೆ? ಅರ್ಥವಾಗದ ಲಿಪಿಯ ಕಾಗದಕ್ಕೆ ಸಹಿ ಹಾಕುವ ಸಂಕಟವನ್ನು ನಮ್ಮ ಹಿರಿಯರು ಕಚೇರಿ ಕಚೇರಿಗಳಲ್ಲಿ ಉಂಡಿದ್ದಾರೆ. ಅದೇ ಸಂಕಟವನ್ನು ನಾವು ಸ್ವಾಹಿಲಿ ಮಾತನಾಡುವವನಿಗೆ ಬಡಿಸಬಾರದು.

ಮೂರನೆಯದು ಸಾಗಣೆ. ಪೆಂಬಾದ ವೆಟೆ ಅಥವಾ ಮ್ಕೊವಾನಿ ಬಂದರಿನಿಂದ ದೊಡ್ಡ ಬಂದರಿಗೆ, ಅಲ್ಲಿಂದ ಭಾರತಕ್ಕೆ; ಒಂದೊಂದು ಇಳಿಸುವಿಕೆಗೂ ಕೂಲಿ, ಕಾಯುವಿಕೆಗೆ ಬಾಡಿಗೆ. ಸಣ್ಣ ವ್ಯಾಪಾರಿ ಇಡೀ ಕಂಟೇನರನ್ನು ತುಂಬಲಾರ. ಇತರರ ಸರಕಿನೊಡನೆ ಪಾಲು ಹಿಡಿಯಬೇಕು. ಪಕ್ಕದ ಸರಕಿನ ವಾಸನೆಯನ್ನೂ ಕಡಲಿನ ತೇವವನ್ನೂ ಲವಂಗ ಹೀರದಂತೆ ಒಳಚೀಲ ಹಾಕಿ ಕಟ್ಟಬೇಕು.

ನಾಲ್ಕನೆಯದು ಕಾಗದಪತ್ರ. ಆಮದು ರಫ್ತಿನ ಸಂಕೇತ ಸಂಖ್ಯೆ, ಆಹಾರ ಸುರಕ್ಷತೆಯ ಲೈಸೆನ್ಸು, ಕಳುಹಿಸುವ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರ, ನಮ್ಮ ಬಂದರಿನಲ್ಲಿ ತಪಾಸಣೆ, ಸುಂಕ. ಒಂದು ಅಕ್ಷರ ತಪ್ಪಿದರೂ ಸರಕು ಬಂದರಿನಲ್ಲಿ ನಿಲ್ಲುತ್ತದೆ. ನಿಂತಷ್ಟು ದಿನ ಬಾಡಿಗೆ ಬೆಳೆಯುತ್ತದೆ.

ಇನ್ನು ಲೆಕ್ಕ. ಉದಾಹರಣೆಗೆಂದು ಬೆಳೆಗಾರನಿಗೆ ಕಿಲೋವಿಗೆ 100 ರೂಪಾಯಿಯಂತೆ ಕೊಟ್ಟು 100 ಕಿಲೋ ಕೊಂಡೆವೆಂದು ಭಾವಿಸೋಣ. ನಿಜವಾದ ಬೆಲೆ ಬೇರೆ; ಇದು ಲೆಕ್ಕದ ಅನುಕೂಲಕ್ಕೆ ಮಾತ್ರ. ಜರಡಿಯಲ್ಲಿ ತೊಟ್ಟು, ಧೂಳು, ಒಡಕು ಎಂದು 5 ಕಿಲೋ ಹೋದರೆ ಉಳಿದ 95 ಕಿಲೋ ಇಡೀ ಹಣವನ್ನು ಹೊರಬೇಕು. ಕಿಲೋವಿಗೆ 105 ರೂಪಾಯಿ 26 ಪೈಸೆಯಾಯಿತು. ಕೊಯ್ಲಿಗೆ ಕೊಟ್ಟ ಹಣ ಗಿರಾಕಿಯಿಂದ ಮರಳಿ ಬರುವುದಕ್ಕೆ 8 ತಿಂಗಳು ಹಿಡಿದು, ಬಡ್ಡಿ ವರ್ಷಕ್ಕೆ ಶೇಕಡಾ 12 ಆದರೆ, ಹೂಡಿದ ನೂರಕ್ಕೆ 8 ರೂಪಾಯಿ ಬಡ್ಡಿಯೇ ಆಯಿತು. ಹಡಗು, ಸುಂಕ, ಪೊಟ್ಟಣ, ಅಂಗಡಿಯವನ ಪಾಲು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ನಿಮ್ಮ ಊಟವಂತೂ ಬಂದೇ ಇಲ್ಲ. ದಲ್ಲಾಳಿಯ ಪಾಲೆಂದು ನಾವು ದೂರುವ ಹಣದಲ್ಲಿ ಅನ್ಯಾಯವೆಷ್ಟು, ಅಗತ್ಯವಾದ ಖರ್ಚೆಷ್ಟು ಎಂಬುದನ್ನು ಈ ಲೆಕ್ಕವೇ ಬೇರ್ಪಡಿಸಿ ತೋರಿಸುತ್ತದೆ. ಅನ್ಯಾಯದ ಪಾಲು ಮಾತ್ರ ನೀವು ಹಂಚಬಹುದಾದ ಪಾಲು.

ಮೂರನೆಯ ಮಾತು ನಮ್ಮ ಮನೆಗೇ ಸಂಬಂಧಿಸಿದ್ದು. ದ್ವೀಪದಿಂದ ಏನನ್ನು ತಂದರೂ ಮೆಣಸನ್ನು ತರಬೇಡಿ. ಹೊರಗಿನ ಅಗ್ಗದ ಮೆಣಸು ಹರಿದುಬಂದು ಇಲ್ಲಿಯ ಧಾರಣೆ ಕುಸಿದುದರಿಂದಲೇ 2017ರ ಡಿಸೆಂಬರಿನಲ್ಲಿ ಭಾರತ ಸರ್ಕಾರ ಆಮದು ಮೆಣಸಿಗೆ ಕಿಲೋವಿಗೆ 500 ರೂಪಾಯಿಯ ಕನಿಷ್ಠ ಬೆಲೆಯನ್ನು ಗೊತ್ತುಮಾಡಬೇಕಾಯಿತು. ದೂರದ ಬೆಳೆಗಾರನಿಗೆ ಉಪಕಾರ ಮಾಡಲು ಹೋಗಿ ನೆರೆಮನೆಯ ಬಳ್ಳಿಯನ್ನು ಒಣಗಿಸಬಾರದು. ಲವಂಗದ ಮಾತು ಬೇರೆ. ಕನ್ಯಾಕುಮಾರಿಯ ಬೆಟ್ಟಗಳಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಒಂದಿಷ್ಟು ಬೆಳೆಯುತ್ತದಾದರೂ ದೇಶದ ಅಡುಗೆಮನೆಗೆ ಅದು ಸಾಲದು. ಹೆಚ್ಚಿನದು ಹೊರಗಿನಿಂದಲೇ ಬರುತ್ತಿದೆ.

ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ, ಪೆಂಬಾದಿಂದಲ್ಲ ಎನ್ನುತ್ತೇವೆ. ಸಮುದ್ರ ದಾಟುವ ಮುನ್ನ ನಮ್ಮ ದೇಶದ್ದೇ ಆದ ದ್ವೀಪದಲ್ಲಿ ಈಜು ಕಲಿಯಿರಿ. ಅಂಡಮಾನಿನಲ್ಲಿ ತೆಂಗು ಅಡಿಕೆಗಳ ನೆರಳಿನಲ್ಲಿ ಲವಂಗ, ಜಾಯಿಕಾಯಿ, ದಾಲ್ಚಿನ್ನಿ ಬೆಳೆಯುವ ರೈತರಿದ್ದಾರೆ. ಅಲ್ಲಿಂದ ತರಲು ಪರದೇಶದ ಕಾಗದ ಬೇಡ. ಹಡಗು ಚೆನ್ನೈಗೆ ಬರುತ್ತದೆ. ತೋಟದ ಕ್ರಮವೂ ನಮ್ಮದರಂತೆಯೇ. ಮೊದಲ ವರ್ಷ ಕೆಲವೇ ರೈತರು, ಒಂದೇ ಪದಾರ್ಥ, ಕೆಲವೇ ಚೀಲ. ಪೊಟ್ಟಣದ ಮೇಲೆ ದ್ವೀಪದ ಹೆಸರು, ಕೊಯ್ಲಿನ ವರ್ಷ, ಬೆಳೆಗಾರನಿಗೆ ಸಂದ ಬೆಲೆ ಇವುಗಳನ್ನು ಅಚ್ಚು ಹಾಕಿಸಿ. ಅಚ್ಚಿನಲ್ಲಿ ಕನ್ನಡವಿರಲಿ. ಮೂರನೆಯ ವರ್ಷ ಪೆಂಬಾದ ಮಾತನ್ನು ಆಡೋಣ.

ಕಡೆಯದಾಗಿ, ಈ ವ್ಯಾಪಾರದ ಪರೀಕ್ಷೆ ಮೊದಲನೆಯ ವರ್ಷದಲ್ಲಿ ನಡೆಯುವುದಿಲ್ಲ. ಮೊದಲ ವರ್ಷ ಎಲ್ಲರಿಗೂ ಉತ್ಸಾಹವಿರುತ್ತದೆ. ಪೇಟೆಯಲ್ಲಿ ಧಾರಣೆ ಬಿದ್ದಾಗ, ದೊಡ್ಡ ವ್ಯಾಪಾರಿಯ ಅಗ್ಗದ ಸರಕು ಎದುರಿಗಿರುವಾಗ, ಮಾತು ಕೊಟ್ಟ ಬೆಳೆಗಾರನ ಬಾಗಿಲಿಗೆ ನೀವು ಮರಳಿ ಹೋಗುತ್ತೀರೋ ಇಲ್ಲವೋ ಎಂಬುದೇ ಪರೀಕ್ಷೆ. ದ್ವೀಪದವನು ನಿಮ್ಮನ್ನು ಹುಡುಕಿಕೊಂಡು ಬರಲಾರ. ದಡದಲ್ಲಿ ಚೀಲಗಳನ್ನಿಟ್ಟುಕೊಂಡು ಕಾಯುತ್ತಾನೆ. ಹಾಗೆ ಕಾದು ಬರಿಗೈಯಲ್ಲಿ ಮರಳಿದವರ ಮಕ್ಕಳು ನಾವು.

ಈ ಹೊರೆಯನ್ನು ಹೊರುವ ಮನಸ್ಸು ನಮ್ಮ ತರುಣರಿಗಿದ್ದರೆ ಮೊದಲ ಚೀಲಗಳಿಗೆ ಬೇಕಾದ ಮುಂಗಡದಲ್ಲಿ ನಮ್ಮ ಮನೆಯ ಪಾಲೂ ಇರುತ್ತದೆಂದು ಈ ಸಭೆಯ ಮುಂದೆ ತಿಳಿಸುತ್ತೇವೆ. ಉಳಿದ ಮನೆಗಳೂ ಯೋಚಿಸಬೇಕೆಂದು ಪ್ರಾರ್ಥಿಸುತ್ತೇವೆ.